ಬೈಕಿನ ಹೊದಿಕೆ

ಮೊಮ್ಮಗ ಭಾನುಪ್ರಕಾಶನಿಗೆ ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಂಚೇನಹಳ್ಳಿ ಪಕ್ಕದ ನಮ್ಮೂರಿನಿಂದ ಬೆಳಗಿನ ಪಾಳಿಗೆ ಸರಿಯಾಗಿ ಬಸ್ಸಿಲ್ಲ. ಕಂತಿನ ಮೇಲೆ ಬೈಕು ತೆಗೆಯುವುದೆಂದಾಯಿತು. ಅವನ ತಾಯಿ, ನನ್ನ ಸೊಸೆ ರೂಪ, ರೇಷ್ಮೆ ಹುಳು ಸಾಕುತ್ತಾಳೆ. ಗೂಡು ಮಾರಿದ ದುಡ್ಡಿನಲ್ಲಿ ಮೊದಲ ಮೂರು ಕಂತು ಕಟ್ಟುವುದು ಎಂದು ಮಾತಾಗಿತ್ತು.

ಪಹಣಿ ನನ್ನ ಹೆಸರಿನಲ್ಲಿರುವುದರಿಂದ ಜಾಮೀನಿಗೆ ನಾನೂ ಶೋರೂಮಿಗೆ ಹೋದೆ. ಅಲ್ಲಿದ್ದಾತ ಮಸಿ ಡಬ್ಬಿಯನ್ನು ನನ್ನ ಕಡೆ ತಳ್ಳಿದ.

"ಹೆಬ್ಬೆಟ್ಟು ಇಲ್ಲೊತ್ತಿ ಅಜ್ಜಿ."

"ಸಹಿ ಹಾಕ್ತೀನಪ್ಪ. ಓದಿ ಹಾಕ್ತೀನಿ. ಕನ್ನಡದ್ದು ಕೊಡು."

ರಾತ್ರಿ ಶಾಲೆಯಲ್ಲಿ ಕಲಿತ ಓದು ನನ್ನದು, ಬೆರಳಿಟ್ಟುಕೊಂಡೇ ಸಾಗಬೇಕು. ಎರಡನೇ ಹಾಳೆಗೆ ಬರುವಷ್ಟರಲ್ಲಿ ಆತ ಊಟ ಮುಗಿಸಿ ಬಂದಿದ್ದ. ಹೇಳಿದ್ದ ಬೆಲೆಯ ಕೆಳಗೆ ಹೇಳದ ಬೆಲೆಗಳು ಸಾಲಾಗಿ ಕೂತಿದ್ದವು. ಫೈಲಿನ ಖರ್ಚು, ಯಾರೂ ಕೇಳದ ಇನ್ನೊಂದು ವಿಮೆ, ಬೈಕಿಗೆ ಹೊದಿಕೆ ಒಂಬೈನೂರು.

"ಕಬ್ಬಿಣಕ್ಕೂ ಚಳಿಯಾಗ್ತದೇನಪ್ಪ?" ಎಂದು ಕೇಳಿ ಅದನ್ನೂ ಪಟ್ಟಿಯಿಂದ ಹೊಡೆದುಹಾಕಿಸಿದೆ. ಭಾನು ಆ ಹೊದಿಕೆಯನ್ನೊಮ್ಮೆ ಮುಟ್ಟಿ ನೋಡಿ ವಾಪಸ್ ಇಟ್ಟ.

ಬೈಕು ಮನೆಗೆ ಬಂದು ವಾರ ಕಳೆಯಿತು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದವು. ಎದ್ದ ಮೇಲೆ ಮಳೆ ಬಿದ್ದಂತೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನಬೇಕು. ಇವು ಸೊಪ್ಪು ಮುಟ್ಟದೆ ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ರೂಪ ಬಾಗಿಲಲ್ಲೇ ಕುಕ್ಕರಿಸಿದಳು.

"ಅತ್ತೆ, ಈ ಬೆಳೆ ಹೋದ್ರೆ ಬೈಕೂ ಹೋಯ್ತು ಅಂದ್ಕೊಳ್ಳಿ."

ಹುಳುವಿಗೆ ವಾಸನೆ ಆಗದೆಂದು ಹುಳುಮನೆಯಲ್ಲಿ ನಾವು ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿದವರನ್ನು ಒಳಗೆ ಬಿಡುವುದಿಲ್ಲ. ಅಂಥ ಕಡೆ ಪೆಟ್ರೋಲು ವಾಸನೆ. ಪಕ್ಕದ ಸೊಪ್ಪಿನ ಕೋಣೆಯ ನೆಲದಲ್ಲಿ ಟೈರಿನ ಗುರುತಿತ್ತು.

ಭಾನು ತಲೆ ತಗ್ಗಿಸಿದ. "ಎರಡು ರಾತ್ರಿ ಅಷ್ಟೇ. ಪಕ್ಕದ್ಮನೆ ಕೋನಪ್ಪನ ಬೈಕಿನ ಸೀಟು ನಾಯಿಗಳು ಹರಿದಾಕಿದ್ವು. ಮಧ್ಯೆ ಬಾಗಿಲಿದೆಯಲ್ಲ ಅಂದ್ಕೊಂಡೆ."

"ಏನಾದ್ರೂ ಹೊದಿಸಿ ಹೊರಗೇ ನಿಲ್ಲಿಸೋಕೆ ಏನಾಗಿತ್ತೋ ನಿಂಗೆ?" ಎಂದಳು ರೂಪ.

ಅವನು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ನನಗೆ ತಾಗಿತು.

"ಅವನನ್ನ ಬೈಬೇಡಮ್ಮ. ಶೋರೂಮಲ್ಲಿ ಹೊದಿಕೆ ಬೇಡ ಅಂತ ಹೊಡೆದುಹಾಕಿಸಿದ್ದು ನಾನು."

ಬೈಕನ್ನು ದೂರ ತಳ್ಳಿ ಕಿಟಕಿಗಳನ್ನೆಲ್ಲ ತೆರೆದೆವು. ಭಾನು ಅವತ್ತು ರಜೆ ಹಾಕಿ, ತಲೆಗೆ ಸ್ನಾನ ಮಾಡಿ ಬಂದು, ಒಂದೊಂದೇ ತಟ್ಟೆಯ ಹಳೆ ಸೊಪ್ಪು ತೆಗೆದು ಹೊಸದು ಹಾಕಿದ. ಸಂಜೆಗೆ ಒಂದು ಮೂಲೆಯಿಂದ ಸರಸರ ಸದ್ದು ಶುರುವಾಯಿತು. ಕೆಲವು ತಟ್ಟೆಯ ಹುಳು ಕೈಬಿಟ್ಟು ಹೋದವು, ಉಳಿದವು ತಿಂದವು.

"ಎರಡು ಕಂತಿಗೆ ಮೋಸ ಇಲ್ಲ," ಎಂದು ರೂಪ ಉಸಿರು ಬಿಟ್ಟಳು.

"ಮೂರನೇದು ನನ್ನ ಪಿಂಚಣೀಲಿ," ಎಂದೆ.

ಬೈಕು ಹೊಂಗೆ ಮರದಡಿ ನಿಂತಿತು. ಅದಕ್ಕೆ ನನ್ನ ಕಂಬಳಿ ಹೊದಿಸಿದೆ.

"ನಿಂಗೆ ಚಳಿಯಾಗಲ್ವಾ ಅಜ್ಜಿ?"

"ನನ್ನನ್ನೇನು ನಾಯಿ ಹರಿಯಲ್ಲ, ಬಿಡು."

ಬೆಳಗ್ಗೆ ಎಚ್ಚರವಾದಾಗ ಕಂಬಳಿ ನನ್ನ ಮೈಮೇಲಿತ್ತು. ಹೊರಗೆ ಬೈಕು ಇಬ್ಬನಿಯಲ್ಲಿ ನೆನೆದು ನಿಂತಿತ್ತು. ನಾಯಿ ಬರದಂತೆ ಭಾನು ಸೀಟಿನ ಮೇಲೆ ಜಾಲಿಮುಳ್ಳಿನ ಕೊಂಬೆ ಕಟ್ಟಿದ್ದ. ಅವನು ಏಳುವ ಮೊದಲು ನಾನು ಮುಳ್ಳು ಬಿಚ್ಚಿಟ್ಟು, ಸೆರಗಿನಿಂದ ಸೀಟು ಒರೆಸಿದೆ.