ಮೂರು ಕೈಗಳ ಒಕ್ಕೂಟ

ಯುರೋಪನ್ನು ನಾನು ಹನ್ನೊಂದು ಸಲ ಒಂದುಗೂಡಿಸಿದ್ದೇನೆ. ಆರು ಸಲ ಆಸ್ಟ್ರಿಯಾದ ಕಡೆಯಿಂದ, ನಾಲ್ಕು ಸಲ ಫ್ರಾನ್ಸಿನ ಕಡೆಯಿಂದ, ಒಂದು ಸಲ ಬರೀ ಹಟಕ್ಕೆ ಬಿದ್ದು ಲಕ್ಸೆಂಬರ್ಗಿನ ಕಡೆಯಿಂದ. ಎಲ್ಲವೂ ಕಂಪ್ಯೂಟರಿನಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ. ಇದನ್ನು ಹೇಳಿದರೆ ನಮ್ಮ ಅಂಗಡಿಗೆ ಬರುವವರು ನಗುತ್ತಾರೆ. ನಗಲಿ, ನನ್ನ ಗಂಟೇನೂ ಹೋಗುವುದಿಲ್ಲ. ಸಣ್ಣ ದೇಶವಾಗಿ ಬದುಕುವುದಕ್ಕೆ ಎಷ್ಟು ತಲೆ ಬೇಕೆಂದು ಲಕ್ಸೆಂಬರ್ಗನ್ನು ಆಳಿ ನೋಡಿದವನಿಗೇ ಗೊತ್ತು.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಅಪ್ಪ ಕಟ್ಟಿದ್ದು. ಈಗ ಒಡಹುಟ್ಟಿದ ನಾವು ಮೂವರು ನಡೆಸುತ್ತೇವೆ. ಹಿಂದಿನ ಕೋಣೆಯಲ್ಲಿ ಅಕ್ಕನ ಹಬೆ ಇಸ್ತ್ರಿ, ಅಲ್ಲಿ ವರ್ಷವಿಡೀ ಒದ್ದೆ ಉಣ್ಣೆಯ ವಾಸನೆ. ನಡುವೆ, ಕಿಟಕಿಯ ಪಕ್ಕದಲ್ಲಿ, ತಂಗಿಯ ಮೇಜು. ಅವಳು ಕಲೆ ತೆಗೆಯುವವಳು. ಶಾಯಿಯೋ ಎಣ್ಣೆಯೋ ತುಕ್ಕೋ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಬೆರಳ ತುದಿಯಲ್ಲಿ ಮುಟ್ಟಿ ಹೇಳಿಬಿಡುತ್ತಾಳೆ. ಮುಂದೆ ಕೌಂಟರಿನಲ್ಲಿ ನಾನು. ಬಟ್ಟೆ ಈಸಿಕೊಂಡು, ಜೇಬು ತಡಕಿ, ನಂಬರಿನ ಚೀಟಿ ಚುಚ್ಚಿ ಒಳಗೆ ಕಳಿಸುವವನು.

ಚೀಟಿ ಚುಚ್ಚುವುದಕ್ಕೆ ಕೈ ಸಾಕು, ಬಾಯಿ ಖಾಲಿಯೇ ಇರುತ್ತದೆ. ಹಾಗಾಗಿ ಹನ್ನೆರಡು ವರ್ಷಗಳಿಂದ ನಾನು ತಂಗಿಗೆ ನನ್ನ ಅಭಿಪ್ರಾಯಗಳನ್ನು ಹೇಳುತ್ತ ಬಂದಿದ್ದೇನೆ. ನಗರ ಕಟ್ಟುವ ಆಟಗಳ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಅಲ್ಲಿ ನೀವು ಚುನಾವಣೆಯೇ ಇಲ್ಲದ ಮೇಯರ್. ಯಾರದೋ ಮನೆಯ ಮೇಲೆ ರಸ್ತೆ ಎಳೆದರೂ ಒಬ್ಬನೂ ಕೋರ್ಟಿಗೆ ಹೋಗುವುದಿಲ್ಲ. ಅದು ಆಡಳಿತವಲ್ಲ, ತೋಟಗಾರಿಕೆ. ದಂಡು ಕಟ್ಟಿಕೊಂಡು ನುಗ್ಗುವ ಆಟಗಳು ಮಕ್ಕಳಿಗೆ ಸರಿ. ನಿಜವಾದ ಆಟವೆಂದರೆ ನಿಮಗಿಂತ ಚಿಕ್ಕವನನ್ನು ಒಪ್ಪಿಸಬೇಕಾದ ಆಟ. ಬೆಲ್ಜಿಯಂ ಒಂದೂವರೆ ವರ್ಷ ಹೊಸ ಸರ್ಕಾರವಿಲ್ಲದೆ ಕಳೆಯಿತಲ್ಲ, ಅದನ್ನು ಯಾವನಾದರೂ ಆಟವಾಗಿ ಮಾಡಿದರೆ ಮೊದಲ ದಿನವೇ ಕೊಳ್ಳುತ್ತೇನೆ.

ಇದನ್ನೆಲ್ಲ ಅಕ್ಕ ಕೇಳುವುದಿಲ್ಲ. ನಾನು ಬಾಯಿ ತೆರೆದ ಕೂಡಲೇ ಹಬೆ ಬಿಡುತ್ತಾಳೆ. ತಂಗಿ ಮಾತ್ರ ತಲೆ ತಗ್ಗಿಸಿ ಕಲೆ ತೆಗೆಯುತ್ತ, "ಆಮೇಲೆ?" ಎನ್ನುತ್ತಾಳೆ. ಅಂತರ್ಜಾಲದ ಆಟಗಾರರ ವೇದಿಕೆಯಲ್ಲಿ 'ಮುದಿ ಚಕ್ರವರ್ತಿ' ಎಂಬ ಹೆಸರಿನಲ್ಲಿ ನಾನು ಬರೆಯುವ ಲೇಖನಗಳನ್ನೂ ಮೊದಲು ಅವಳಿಗೇ ಓದಿ ಹೇಳುವುದು.

ಆ ತಂಗಿ ಒಂದು ಬೆಳಿಗ್ಗೆ ಏಪ್ರನ್ ಕಟ್ಟಿಕೊಳ್ಳುತ್ತ, "ವಸ್ತುಸಂಗ್ರಹಾಲಯದಲ್ಲಿ ಹಳೇ ಬಟ್ಟೆ ಜೋಪಾನ ಮಾಡೋ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಕಳೆದ ಮೇಲೆ ಹೋಗ್ತೀನಿ" ಎಂದಳು.

"ಅಲ್ಲಿ ಯಾರ ಕಲೆ ತೆಗೀತೀಯ?" ಎಂದೆ.

"ತೆಗೆಯೋದೇ ಇಲ್ಲ. ಮುನ್ನೂರು ವರ್ಷದ ಕೋಟಿನ ಮೇಲಿನ ಕಲೆ ಯಾವುದು ಅಂತ ಹೇಳಬೇಕು, ಅಷ್ಟೇ. ಮುಟ್ಟೋ ಹಾಗಿಲ್ಲ." ಅವಳ ಮುಖದಲ್ಲಿ ಆ ಖುಷಿಯನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮಲ್ಲಿ ಅಪ್ಪನ ಕಾಲದ ಒಂದು ಕಟ್ಟಳೆಯಿದೆ. ಅಂಗಡಿಯಲ್ಲಿ ಏನು ಬದಲಾಗಬೇಕಿದ್ದರೂ ಎಲ್ಲರ ಕೈ ಮೇಲೇಳಬೇಕು, ಒಬ್ಬರ ಕೈ ಕೆಳಗಿದ್ದರೂ ಇಲ್ಲ. ಹೊಸ ಬಾಗಿಲಿಗೂ ಅದೇ, ಬಿಟ್ಟುಹೋಗುವುದಕ್ಕೂ ಅದೇ. ತಂಗಿ ಕೈ ಎತ್ತಿದಳು. ಅಕ್ಕ ಇಸ್ತ್ರಿ ಕೋಣೆಯಿಂದಲೇ ಎತ್ತಿದಳು. ನಾನು ನನ್ನ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಇಂಥದ್ದಕ್ಕೆಲ್ಲ ಒಂದು ಕ್ರಮ ಇರತ್ತೆ" ಎಂದೆ. ಮರುದಿನ ಮೂವತ್ತೊಂದು ಕಲಮುಗಳ ನಿರ್ಗಮನ ಒಪ್ಪಂದ ಬರೆದು ತಂದೆ. ಎರಡು ವರ್ಷದ ಪರಿವರ್ತನಾ ಅವಧಿ, ಕಿಟಕಿಯ ಮೇಲಿನ ಹಕ್ಕು, ಬ್ರಷ್ಷುಗಳ ವಿಂಗಡಣೆ. ನೇರವಾಗಿ ಬೇಡ ಎನ್ನದೆ ದಣಿಸಿ ಕೂರಿಸುವುದು ಹೇಗೆಂದು ಯುರೋಪಿನಿಂದಲೇ ಕಲಿತವನು ನಾನು. ತಂಗಿ ನಾಲ್ಕನೇ ಕಲಮಿನವರೆಗೆ ಓದಿ ಕಾಗದ ಮಡಿಚಿದಳು.

"ಬ್ರಿಟನ್ ಒಕ್ಕೂಟ ಬಿಟ್ಟಾಗ ಮುದಿ ಚಕ್ರವರ್ತಿ ಏನು ಬರೆದಿದ್ರು, ನೆನಪಿದೆಯಾ?" ಎಂದಳು. "ಹೋಗುವವರನ್ನು ಹೋಗಲು ಬಿಡಿ, ಬಾಗಿಲಲ್ಲಿ ನಿಂತು ಸೆರಗು ಹಿಡಿದು ಜಗ್ಗುವುದು ದೊಡ್ಡವರಿಗೆ ಶೋಭೆಯಲ್ಲ ಅಂತ. ನನಗೆ ಎರಡು ಸಲ ಓದಿ ಹೇಳಿದ್ದೆ."

"ಅದು ವಿದೇಶಾಂಗ ನೀತಿ. ಇದು ಮನೆ ವಿಷಯ" ಎಂದೆ. ಇದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಯಾವತ್ತೂ ಆಡಿಲ್ಲ, ಆದರೆ ಆಗ ಬಾಯಿಗೆ ಬಂದದ್ದು ಅದೇ.

ಮಾತಿನಲ್ಲಿ ಸೋತವನು ಲೆಕ್ಕಾಚಾರಕ್ಕೆ ಇಳಿಯುತ್ತಾನೆ. ಅಂಗಡಿ ನಡೆಸುವ ಆಟವೊಂದಿದೆ, ಗೋಡೆ, ಯಂತ್ರ, ಕೆಲಸಗಾರರು ಎಲ್ಲವನ್ನೂ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ಎರಡು ಭಾನುವಾರ ಕೂತು ನಮ್ಮ ಅಂಗಡಿಯನ್ನೇ ಅದರಲ್ಲಿ ಕಟ್ಟಿದೆ, ಕೌಂಟರಿನ ಮುರಿದ ಮೂಲೆಯ ಸಮೇತ. ಕೆಲಸಗಾರರಿಗೆ ಗುಣಕ್ಕಿಷ್ಟೆಂದು ಹತ್ತಕ್ಕೆ ಅಂಕ ಕೊಡಬೇಕು. ತಂಗಿಗೆ ಕೈಚಳಕ ಹತ್ತು, ತಾಳ್ಮೆ ಹತ್ತು. ಅಕ್ಕನಿಗೆ ಕೈಚಳಕ ಒಂಬತ್ತು, ತಾಳ್ಮೆ ಎರಡು. ನನಗೆ ನಾಯಕತ್ವ ಒಂಬತ್ತು, ದೂರದೃಷ್ಟಿ ಒಂಬತ್ತು, ವೇಗ ನಾಲ್ಕು. ಸುಳ್ಳು ಹೇಳಿ ಏನಾಗಬೇಕು?

ಮೂರನೇ ಭಾನುವಾರ ಮುಚ್ಚಿದ ಅಂಗಡಿಯೊಳಗೆ ಇಬ್ಬರನ್ನೂ ಕೂರಿಸಿ, ಲ್ಯಾಪ್‌ಟಾಪನ್ನು ತಂಗಿಯ ಮೇಜಿನ ಮೇಲಿಟ್ಟೆ. ಆಟದೊಳಗಿನ ತಂಗಿಯನ್ನು ಹೊರಗೆ ಕಳಿಸಿ ಕಾಲವನ್ನು ಓಡಿಸಿದೆ. ಮೊದಲ ತಿಂಗಳು ಗಿರಾಕಿಗಳ ತಲೆಯ ಮೇಲೆ ಹಸಿರು ಮುಖಗಳಿದ್ದವು. ಮೂರನೇ ತಿಂಗಳಿಗೆ ಹಳದಿ. ಐದನೇ ತಿಂಗಳು ಎಲ್ಲರೂ ಕೆಂಪಗಾಗಿ, ಬಾಗಿಲ ಮೇಲೆ 'ಮುಚ್ಚಲಾಗಿದೆ' ಎಂಬ ಹಲಗೆ ಬಿತ್ತು.

"ನೋಡಿದ್ಯಾ?" ಎಂದೆ. ನನ್ನ ಎದೆ ಉಬ್ಬಿತ್ತು.

ತಂಗಿ ಪರದೆಯತ್ತ ಬಾಗಿದಳು. "ಈಗ ನನ್ನನ್ನ ವಾಪಸ್ ತಂದು ನಿನ್ನನ್ನ ತೆಗೆದು ಆಡಿಸು."

"ಅದರ ಅಗತ್ಯ ಇಲ್ಲ."

"ಆಡಿಸೋ" ಎಂದಳು ಅಕ್ಕ.

ಆಡಿಸಿದೆ. ನಾನಿಲ್ಲದ ಅಂಗಡಿಯಲ್ಲಿ ಅಕ್ಕ ತಂಗಿ ಸರದಿಯ ಮೇಲೆ ಕೌಂಟರಿಗೆ ಬಂದು ಹೋದರು. ಒಂದು ವರ್ಷ ಕಳೆಯಿತು, ಎರಡು ವರ್ಷ ಕಳೆಯಿತು, ಎಲ್ಲ ಮುಖಗಳೂ ಹಸಿರು. ಕೌಂಟರಿನ ಮುಂದೆ ಕಾಯುವವರ ಸಾಲೂ ಅರ್ಧಕ್ಕಿಳಿದಿತ್ತು. ನಾಯಕತ್ವ ಹೆಚ್ಚಿರುವ ಕೆಲಸಗಾರ ಪ್ರತಿ ಗಿರಾಕಿಯ ಜೊತೆ ಹನ್ನೊಂದು ನಿಮಿಷ ಮಾತಾಡುತ್ತಾನೆಂದು ಆಟ ಮಾಡಿದ ಪುಣ್ಯಾತ್ಮರು ಬರೆದಿಟ್ಟಿದ್ದರು.

ಅಕ್ಕ ಬಿದ್ದು ಬಿದ್ದು ನಕ್ಕಳು. ಕಣ್ಣೊರೆಸಿಕೊಳ್ಳಲು ಯಾರದೋ ತೊಳೆದಿಟ್ಟ ಕರವಸ್ತ್ರವನ್ನೇ ಎತ್ತಿಕೊಂಡಳು. "ಆಟದಲ್ಲೇ ಏನೋ ದೋಷ ಇದೆ" ಎಂದು ನಾನು ಗುಂಡಿ ಒತ್ತುತ್ತಲೇ ಇದ್ದೆ.

ತಂಗಿ ನಗಲಿಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. "ಅಣ್ಣ, ಅಂಗಡಿ ಮುಚ್ಚತ್ತೆ ಅನ್ನೋದು ನಿನ್ನ ಭಯ ಅಲ್ಲ. ಏನು ಅಂತ ಬಾಯಿಬಿಟ್ಟು ಹೇಳು."

ದಿನವಿಡೀ ಮಾತಾಡುವವನಿಗೆ ಒಂದು ವಾಕ್ಯ ಹೊರಡಿಸಲು ಇಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಹೇಳಿದೆ. "ನೀನು ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ನನ್ನ ಮಾತು ಕೇಳೋರು ನೀನೊಬ್ಬಳೇ. ನನಗೆ ನೀನಿಲ್ದೆ ಇಲ್ಲಿ ನಿಲ್ಲೋಕೆ ಆಗಲ್ಲ."

ಅವಳ ಕಣ್ಣು ತುಂಬಿತು. ಆದರೂ ಹೋಗುವುದಿಲ್ಲ ಎನ್ನಲಿಲ್ಲ. ಹಾಗೆಂದಿದ್ದರೆ ನಾನು ಒಳಗೊಳಗೇ ಕುಣಿದಾಡುತ್ತಿದ್ದೆ, ಆಮೇಲೆ ಅವಳ ಮುಖ ನೋಡಲಾಗದೆ ಸಾಯುತ್ತಿದ್ದೆ. ಜೇಬಿನಿಂದ ಕೈ ತೆಗೆದು ಮೇಲೆತ್ತಿದೆ. ತಂಗಿಯೂ ಎತ್ತಿದಳು. ಇಬ್ಬರೂ ಅಕ್ಕನ ಕಡೆ ತಿರುಗಿದೆವು.

ಅಕ್ಕ ಕೈಕಟ್ಟಿ ಕೂತಿದ್ದಳು.

"ನೀನು ಅವತ್ತೇ ಒಪ್ಪಿದ್ಯಲ್ಲಕ್ಕ!" ಎಂದಳು ತಂಗಿ.

"ಅವತ್ತು ನನ್ನ ತಾಳ್ಮೆ ಎರಡು ಅಂತ ಗೊತ್ತಿರಲಿಲ್ಲ."

ಹಳೆಯ ಪೋಲೆಂಡಿನ ಸಂಸತ್ತಿನಲ್ಲಿ ಒಬ್ಬನೇ ಸದಸ್ಯ ಎದ್ದು ಒಪ್ಪುವುದಿಲ್ಲ ಎಂದರೆ ಇಡೀ ಅಧಿವೇಶನವೇ ಮಣ್ಣುಪಾಲಾಗುತ್ತಿತ್ತು. ಅದನ್ನು ಎಷ್ಟೋ ಸಲ ನಾನು ಬಣ್ಣಿಸಿ ಹೇಳಿದ್ದೇನೆ. ಆ ಸಂಸತ್ತಿನೊಳಗೆ ಕೂತರೆ ಎಷ್ಟು ಉರಿಯುತ್ತದೆಂದು ಆಗ ತಿಳಿಯಿತು. "ಏಳು ಮಾಡ್ತೀನಿ" ಎಂದೆ. ಅಕ್ಕ ಕಿಟಕಿ ನೋಡಿದಳು. "ಎಂಟು."

"ನಂಬರ್ ನೀನೇ ಇಟ್ಕೋ" ಎಂದಳು ಅಕ್ಕ. "ಆ ಮೇಜಿಗೆ ಹೊರಗಿನವರು ಬೇಡ. ಹೋಗೋ ಮುಂಚೆ ಇವಳು ನಿನಗೆ ಕಲಿಸಲಿ, ನೀನು ಕಲಿ. ಕೌಂಟರ್ ನಾನು ನೋಡ್ಕೋತೀನಿ. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಕಲೀದೇ ಇರೋನು ಕಲಿಯೋವರೆಗೂ ಕಾಯ್ತೀನಲ್ಲ, ಆಗ ಗೊತ್ತಾಗತ್ತೆ ನನ್ನ ತಾಳ್ಮೆ."

ನಾನು ಒಪ್ಪಿದೆ. ಆಗ ಮೂರನೇ ಕೈ ಮೇಲೆದ್ದಿತು.

ಮೂರು ವಾರ ತಂಗಿಯ ಪಕ್ಕದಲ್ಲಿ ನಿಂತೆ. ತಿಕ್ಕಬಾರದು, ಒತ್ತಿ ಹೀರಬೇಕು. ಅಂಚಿನಿಂದ ನಡುವಿಗೆ ಬರಬೇಕು. ಕಲೆ ಯಾವುದೆಂದು ಗೊತ್ತಾಗುವ ಮೊದಲು ಬಿಸಿನೀರು ಮುಟ್ಟಬಾರದು. ಒಬ್ಬ ವಕೀಲರ ಟೈಗೆ ನಾನು ಬಣ್ಣ ಹೋದ ಬಿಳಿಯ ಉಂಗುರವೊಂದನ್ನು ದಾನ ಮಾಡಿದೆ. ಅವರ ಮುಂದೆ ತಲೆತಗ್ಗಿಸಿ ನಿಂತದ್ದೂ ನಾನೇ. ವಿಚಿತ್ರವೆಂದರೆ ಆ ದಿನಗಳಲ್ಲಿ ಯುರೋಪಿನ ಮಾತು ಬರಲೇ ಇಲ್ಲ. ಅವಳು ಹೇಳಿದಳು, ನಾನು ತಲೆ ತಗ್ಗಿಸಿ "ಆಮೇಲೆ?" ಎಂದೆ. ಇಷ್ಟು ಹೇಳುವುದಕ್ಕೆ ಅವಳ ಹತ್ತಿರ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ತಿಂಗಳ ಮೊದಲ ದಿನ ಅವಳು ಹೋದಳು. ನಾನು ಕಿಟಕಿಯ ಪಕ್ಕ ಬಾಯಿ ಮುಚ್ಚಿಕೊಂಡು ದುಡಿದೆ. ನಾಲ್ಕನೇ ದಿನ ಅಕ್ಕ ಕೌಂಟರಿನಿಂದ ಇಣುಕಿ, "ಹುಷಾರಿದ್ದೀಯಾ? ಜ್ವರ ಏನಾದ್ರೂ?" ಎಂದು ಕೇಳಿದಳು. ಆ ವಾರ ನಾನು ವೇದಿಕೆಯಲ್ಲಿಯೂ ಏನೂ ಬರೆಯಲಿಲ್ಲ. ಮುದಿ ಚಕ್ರವರ್ತಿ ತೀರಿಕೊಂಡನೆಂದು ಯಾರೋ ಶ್ರದ್ಧಾಂಜಲಿ ಹಾಕಿದ್ದರು.

ಎರಡನೇ ಶನಿವಾರ ಸಂಜೆ ತಂಗಿ ಬಂದಳು. ಸಾಲಿನಲ್ಲಿ ನಿಂತು, ಸರದಿ ಬಂದಾಗ ಅಕ್ಕನ ಕೈಗೆ ಒಂದು ಬಿಳಿಯ ಅಂಗಿ ಕೊಟ್ಟಳು. ಅಕ್ಕ ಚೀಟಿ ಚುಚ್ಚಿ ನನ್ನ ಮೇಜಿಗೆ ತಳ್ಳಿದಳು.

"ಕಾಫಿ ಚೆಲ್ಲಿಕೊಂಡೆ" ಎಂದಳು ತಂಗಿ.

ಅಂಗಿಯನ್ನು ಬೆಳಕಿಗೆ ಹಿಡಿದೆ. ಕಾಫಿ ಚೆಲ್ಲಿದರೆ ಮೊದಲು ಒಂದು ದೊಡ್ಡ ಕಲೆ, ಅದರ ಕೆಳಗೆ ಇಳಿದ ಗೆರೆಗಳು, ಸುತ್ತ ಸಣ್ಣ ಸಿಡಿತ. ಇಲ್ಲಿದ್ದದ್ದು ಏಳು ಹನಿಗಳು. ಏಳೂ ದುಂಡಗೆ, ಒಂದೇ ಅಳತೆ, ಒಂದರಿಂದ ಒಂದಕ್ಕೆ ಒಂದೇ ಅಂತರ. ಅಂಗಿಯನ್ನು ಮೇಜಿನ ಮೇಲೆ ಹರಡಿ, ಚಮಚದಿಂದ ತೊಟ್ಟು ತೊಟ್ಟಾಗಿ ಬಿಟ್ಟವರ ಕೆಲಸ ಅದು. ಇಷ್ಟನ್ನು ಗುರುತಿಸುವಷ್ಟು ಅವಳೇ ನನಗೆ ಕಲಿಸಿದ್ದಳು. ನಾನು ಕಲಿತಿರಲಾರೆ ಎಂದುಕೊಂಡಿದ್ದಳೇನೋ.

ಒಂದು ಅಂಗಿ ಕೆಡಿಸಿಕೊಂಡಾದರೂ ನನ್ನನ್ನು ನೋಡಲು ಬಂದಿದ್ದಳು. ಏನೂ ಗೊತ್ತಾಗದವನಂತೆ ಮೂಸಿದೆ.

"ಕಷ್ಟದ ಕಲೆ" ಎಂದೆ. "ಹೊತ್ತು ಹಿಡಿಯತ್ತೆ. ಕೂತಿರ್ತೀಯಾ?"

"ಕೂತಿರ್ತೀನಿ." ಸ್ಟೂಲ್ ಎಳೆದುಕೊಂಡಳು. "ಅಲ್ಲೀವರೆಗೆ ಹೇಳು, ಆ ಫ್ರಾನ್ಸಿನವರು ಯಾಕೆ ಪದೇ ಪದೇ ಪ್ರಧಾನಿಯನ್ನ ಬದಲಾಯಿಸ್ತಾರೆ?"

ಅಕ್ಕ ಕೌಂಟರ್ ಬಿಟ್ಟು ಒಳಗೆ ಹೋಗಿ ಹಬೆ ಬಿಟ್ಟಳು. ನಾನು ಮೊದಲ ಹನಿಯ ಮೇಲೆ ಹತ್ತಿಯನ್ನಿಟ್ಟು, ಸಾಧ್ಯವಾದಷ್ಟು ನಿಧಾನವಾಗಿ ಒತ್ತಿದೆ.