ಎರಡು ಸೀಟಿನ ಕಾರಿಗೆ ಹೊಸ ಟೈರು

ಇಂಚಪ್ಪ ಮದುವೆಯಾದದ್ದು ತಲೆ ಪೂರ್ತಿ ನರೆತ ಮೇಲೆ. ಅದುವರೆಗೆ ಊರವರ ಕೋಟಿನ ತೋಳು, ಪ್ಯಾಂಟಿನ ಸೊಂಟ ಅಳೆಯುವುದರಲ್ಲೇ ಅವನ ಆಯುಸ್ಸು ಸವೆದಿತ್ತು. ಬಟ್ಟೆ ಕತ್ತರಿಸುವ ಮುನ್ನ ಯಾರಿಗೇ ಆಗಲಿ ‘ಒಂದಿಂಚು ಬಿಟ್ಟಿರೋಣ’ ಅನ್ನುತ್ತಿದ್ದ ಆ ಟೈಲರನಿಗೆ ಗಿರಾಕಿಗಳೇ ಇಟ್ಟ ಹೆಸರು ಇಂಚಪ್ಪ. ಅವನನ್ನು ಕೈಹಿಡಿದವಳು ಎದುರು ಸಾಲಿನ ಔಷಧದಂಗಡಿಯಾಕೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಬೆಳೆದ ಮಗಳಿದ್ದಳು. ಟೈಲರಂಗಡಿಯ ಮೇಲಿನ ಎರಡು ಕೋಣೆಗಳಿಗೆ ಆಕೆ ಬರುವಾಗ ತಂದದ್ದು ಒಂದಿಷ್ಟು ಪಾತ್ರೆ, ಹೊಲಿಗೆ ಬಿಚ್ಚಿದ ಒಂದು ಸೋಫಾ, ಮತ್ತೆ ಒಂದು ಸ್ಪೋರ್ಟ್ಸ್ ಕಾರು.

ಕಾರು ಮೊದಲ ಗಂಡನದು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಾಗಿದ್ದ, ತಿಳಿನೀಲಿ ಬಣ್ಣದ, ಎರಡೇ ಸೀಟಿನ ಕಾರು. ಆತ ಅದನ್ನು ಹೂವಿನಂತೆ ನೋಡಿಕೊಂಡಿದ್ದನಂತೆ. ಕಾರು ಮಾಡಿದ ಕಂಪನಿಯವರೇ ಒಪ್ಪಿ ಗುರುತು ಒತ್ತಿಸಿದ ಬೇಸಿಗೆ ಟೈರುಗಳನ್ನು ಬಿಟ್ಟು ಬೇರೆ ಯಾವುದನ್ನೂ ಅದಕ್ಕೆ ಹಾಕಿಸಿದವನಲ್ಲ. ಚಳಿ ಬಿತ್ತೋ, ಹೊದಿಕೆ ಹೊದಿಸಿ ಷೆಡ್ಡಿನಲ್ಲಿ ನಿಲ್ಲಿಸಿಬಿಡುತ್ತಿದ್ದ. ಆತ ಹೋದ ಮೇಲೂ ಮನೆಯಲ್ಲಿ ಅದೇ ಪದ್ಧತಿ ನಡೆದುಕೊಂಡು ಬಂದಿತ್ತು. ಇಂಚಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹೆಂಡತಿಯ ಪಕ್ಕ ಕೂತಾಗಲೆಲ್ಲ ಬೇರೆಯವರ ಕೋಟು ತೊಟ್ಟುಕೊಂಡ ಹಾಗೆ ಮೈ ಮುದುರಿಕೊಳ್ಳುತ್ತಿದ್ದ.

ಆ ವರ್ಷ ಎಲೆ ಉದುರುವ ಹೊತ್ತಿಗೆ ಗ್ಯಾರೇಜಿನವನು ಟೈರುಗಳ ಪಕ್ಕೆ ಬಿರಿದಿರುವುದನ್ನು ತೋರಿಸಿ, ಇನ್ನು ಇವನ್ನು ನೆಚ್ಚಬೇಡಿ ಅಂದ. ಹೆಂಡತಿ ಅಂದೇ ತೀರ್ಮಾನಿಸಿದಳು: ಈ ಸಲ ವರ್ಷವಿಡೀ ಓಡುವ ಆಲ್ ಸೀಸನ್ ಟೈರು. ಔಷಧದಂಗಡಿಯ ಏಣಿಯಿಂದ ಜಾರಿ ಆಕೆಯ ಮಣಿಕಟ್ಟು ಉಳುಕಿತ್ತು. ಹಾಗಾಗಿ ಕಾರನ್ನು ಟೈರಂಗಡಿಗೆ ಒಯ್ಯುವ ಕೆಲಸ ಮಗಳ ಪಾಲಿಗೆ ಬಂತು. ‘ನೀವೂ ಹೋಗಿ, ನಾನು ಹೇಳಿದ್ದನ್ನೇ ಹಾಕಿಸಿಕೊಂಡು ಬನ್ನಿ’ ಎಂದು ಗಂಡನನ್ನೂ ಜೊತೆಗೆ ಕಳಿಸಿದಳು.

ಹೊರಡುವ ಮುನ್ನ ಅವನನ್ನು ಅಡುಗೆಮನೆಗೆ ಕರೆದು ಬಾಯಿಗೆ ಬೀಗ ಹಾಕಿದ್ದಳು. ಮಗಳು ಬಸುರಿ. ಹೆರಿಗೆ ನಡುಚಳಿಯಲ್ಲಿ. ಅಳಿಯ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ತಿಂಗಳುಗಟ್ಟಲೆ ನೀರಿನ ಮೇಲೆ. ಮಗಳ ಮನೆ ಗುಡ್ಡದ ಆಚೆ. ಹಿಮ ಬಿದ್ದ ದಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

“ಈ ಟೈರು ಯಾಕೆ ಅಂತ ಅವಳಿಗೆ ಹೇಳಬೇಡಿ ರೀ. ಹೇಳಿದ್ರೆ, ಚಳೀಲಿ ಗುಡ್ಡ ಹತ್ತಿ ಬರಬೇಡಮ್ಮ ಅಂತ ಆಣೆ ಹಾಕಿಸಿಕೊಳ್ತಾಳೆ. ಆಮೇಲೆ ನಾನು ಇಲ್ಲಿ ಕೂತು ಗೋಡೆ ನೋಡಬೇಕು.”

ಇಂಚಪ್ಪ ತಲೆಯಾಡಿಸಿದ್ದ.

ಟೈರಂಗಡಿಯವರೆಗೂ ಮಗಳು ಹೆಚ್ಚು ಮಾತಾಡಲಿಲ್ಲ. ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆ ಮಿತಭಾಷಿಯೇ. ಇಂಚಪ್ಪನ ಹತ್ತಿರವಂತೂ ಮಾತು ಇನ್ನೂ ಕಡಿಮೆ. ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಹೇಳಬೇಕಾದಾಗ ಅವನು ತನ್ನ ಕಡೆ ನೋಡುವವರೆಗೆ ಕಾದು, ಆಮೇಲೆ ಹೇಳುತ್ತಿದ್ದಳು. ಅವನೂ ಅದಕ್ಕೆ ಒಗ್ಗಿಕೊಂಡಿದ್ದ.

ಅಂಗಡಿಯ ತುಂಬ ಹೊಸ ರಬ್ಬರಿನ ಘಾಟು. ಜ್ಯಾಕಿನ ಮೇಲೆ ಕಾರು ಎದ್ದು ನಿಂತದ್ದೇ ಮಗಳು ಬಗ್ಗಿ, ಹಳೆಯ ಟೈರಿನ ಪಕ್ಕೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಅಲ್ಲಿದ್ದ ಪುಟ್ಟ ಗುರುತನ್ನು ತೋರಿಸಿ, ಇದೇ ಗುರುತಿನದು ಬೇಕು ಅಂದಳು. ಇಂಚಪ್ಪ, ಅಮ್ಮ ಆಲ್ ಸೀಸನ್ ಹಾಕಿಸೋಕೆ ಹೇಳಿದ್ದಾಳಲ್ಲ ಅಂದ. ಆಕೆಯ ಮುಖ ಗಂಟಿಕ್ಕಿತು.

ಅಂಗಡಿಯವನು ಇಬ್ಬರ ಮಧ್ಯೆ ಸಿಕ್ಕಿಕೊಳ್ಳದೆ ಇದ್ದದ್ದನ್ನು ಇದ್ದಂತೆ ಹೇಳಿದ. ಕಂಪನಿ ಒಪ್ಪಿದ ಬೇಸಿಗೆ ಟೈರು ಈ ಕಾರಿನ ತೂಕ, ಓಟ ಎಲ್ಲ ನೋಡಿಯೇ ಮಾಡಿದ್ದು. ಬೆಚ್ಚಗಿನ ರಸ್ತೆಯಲ್ಲಿ, ಮಳೆಯಲ್ಲಿ ಕೂಡ, ಅದರ ಹಿಡಿತಕ್ಕೆ ಸಾಟಿಯಿಲ್ಲ. ಸ್ಟೀರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಸಾಕು, ಕಾರು ತಿರುಗುತ್ತದೆ. ಆದರೆ ಚಳಿ ಜೋರಾದರೆ ಅದರ ರಬ್ಬರು ಬಿಗಿದುಕೊಳ್ಳುತ್ತದೆ, ಹಿಮದಲ್ಲಂತೂ ಕೈಕೊಡುತ್ತದೆ. ಆಲ್ ಸೀಸನ್ನಿಗೆ ಆ ಚುರುಕು ಬರುವುದಿಲ್ಲ, ಬ್ರೇಕು ಒತ್ತಿದಾಗ ಒಣರಸ್ತೆಯಲ್ಲಿ ಒಂದಿಷ್ಟು ಮುಂದೆ ಹೋಗಿ ನಿಲ್ಲುತ್ತದೆ, ಆದರೆ ಚಳಿಗೂ ಆಗುತ್ತದೆ. ಚಳಿಗೇ ಅಂತ ಇನ್ನೊಂದು ಸೆಟ್ ಟೈರು ಇಟ್ಟುಕೊಳ್ಳಬಹುದು, ಜಾಗವಿದ್ದರೆ. ಇಂಚಪ್ಪ ತನ್ನ ಎರಡು ಕೋಣೆ ನೆನೆದುಕೊಂಡ. ಷೆಡ್ಡಿನಲ್ಲೋ, ಕಾರು ನಿಂತರೆ ಪಕ್ಕದಲ್ಲಿ ಪೊರಕೆ ಆನಿಸಲೂ ಎಡೆಯಿರಲಿಲ್ಲ.

ನಿಜ ಹೇಳಬೇಕೆಂದರೆ ಅವನ ಮನಸ್ಸು ಮಗಳ ಕಡೆಗೇ ವಾಲುತ್ತಿತ್ತು. ಸೆಕೆಗೂ ಚಳಿಗೂ ಒಂದೇ ಕೋಟು ಹೊಲಿದುಕೊಡಿ ಅಂದವರನ್ನು ಅವನೇ ಎಷ್ಟೋ ಸಲ ಬುದ್ಧಿ ಹೇಳಿ ಕಳಿಸಿದ್ದ. ಅದಕ್ಕಿಂತ ಹೆಚ್ಚಾಗಿ, ಸತ್ತ ಮನುಷ್ಯ ಅಷ್ಟು ಪ್ರೀತಿಯಿಂದ ನಡೆಸಿಕೊಂಡು ಬಂದದ್ದನ್ನು ಮುರಿಯಲು ತಾನು ಯಾರು?

ಆಗ ಮಗಳು, ಅವನು ತಿರುಗಿ ನೋಡುವವರೆಗೂ ಕಾಯದೆ, ಮೆಲ್ಲಗೆ ಅಂದಳು:

“ಅಪ್ಪನ ಬಟ್ಟೆ ಹೋಯ್ತು, ಕುರ್ಚಿ ಹೋಯ್ತು. ನಾನು ಒಂದು ಮಾತೂ ಆಡಲಿಲ್ಲ. ಇದೊಂದನ್ನ ಇದ್ದ ಹಾಗೆ ಬಿಡಬಹುದಿತ್ತು ನೀವು.”

ಬಟ್ಟೆಯನ್ನು ಇಂಚಪ್ಪ ಮುಟ್ಟಿರಲಿಲ್ಲ, ಕುರ್ಚಿಯನ್ನು ಕಂಡೇ ಇರಲಿಲ್ಲ. ಹಾಗಂತ ವಾದಿಸುವ ಹೊತ್ತಲ್ಲ ಅದು. ಒಂದು ಕಡೆ ಹೆಂಡತಿಗೆ ಕೊಟ್ಟ ಮಾತು, ಇನ್ನೊಂದು ಕಡೆ ತುಂಬಿದ ಕಣ್ಣನ್ನು ಟೈರಿನ ಕಡೆ ತಿರುಗಿಸಿ ನಿಂತ ಬಸುರಿ ಹುಡುಗಿ. ಕೊಟ್ಟ ಮಾತೇ ಸೋತಿತು.

“ನೋಡಮ್ಮ, ಇದು ನಿನ್ನಪ್ಪನ ಗುರುತು ಅಳಿಸೋಕಲ್ಲ. ಚಳೀಲಿ ನಿನಗೆ ನೋವು ಶುರುವಾದಾಗ ನಿಮ್ಮಮ್ಮ ನಿನ್ನ ಹತ್ತಿರ ಇರಬೇಕಂತೆ. ಅದಕ್ಕೇ. ಹೇಳಿದ್ರೆ ನೀನು ಬೇಡ ಅಂತೀಯ ಅಂತ ನನ್ನ ಬಾಯಿ ಕಟ್ಟಿ ಕಳಿಸಿದ್ಲು.”

ಮಗಳು ಕೈಯ ಮಣ್ಣನ್ನೂ ಮರೆತು ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಕಪ್ಪು ಗೆರೆ ಉಳಿಯಿತು. ಇಂಚಪ್ಪ ಜೇಬಿನಿಂದ ಕರವಸ್ತ್ರ ತೆಗೆದ. ಅದರ ಜೊತೆ ಅಳತೆಪಟ್ಟಿಯೂ ಎದ್ದು ಬಂದು ನೆಲದ ಮೇಲೆ ಸುರುಳಿ ಬಿಚ್ಚಿಕೊಂಡಿತು. ಇಬ್ಬರೂ ಒಟ್ಟಿಗೆ ಬಗ್ಗಿ ತಲೆ ತಾಗಿಸಿಕೊಂಡರು. ಆಕೆ ಅಳುತ್ತಲೇ ನಕ್ಕುಬಿಟ್ಟಳು.

ಆಮೇಲೆ ಆಕೆ ಅಂಗಡಿಯವನನ್ನು ಹಿಡಿದು ಕೂರಿಸಿಕೊಂಡಳು. ಗುಡ್ಡದ ದಾರಿಯಲ್ಲಿ, ಕೆರೆ ಏರಿಯ ಪಕ್ಕದ ಇಳಿಜಾರು ಒದ್ದೆ ಇದ್ದರೆ ಆಲ್ ಸೀಸನ್ ನಿಲ್ಲುತ್ತದಾ, ತೆಳ್ಳಗೆ ಹಿಮ ಬಿದ್ದಾಗ ಹೇಗೆ, ದಪ್ಪಗೆ ಬಿದ್ದರೆ? ತೆಳ್ಳಗಿದ್ದರೆ ನಿಧಾನವಾಗಿ ಹೋಗಬಹುದು, ದಪ್ಪಗೆ ಬಿದ್ದ ದಿನ ಯಾವ ಟೈರಿದ್ದರೂ ಇಷ್ಟು ತಗ್ಗಿನ ಕಾರನ್ನು ಹೊರಗೆ ತೆಗೆಯಬೇಡಿ ಅಂದ ಅವನು. ಹಿಮಕ್ಕೂ ಆಗುತ್ತದೆಂದು ಪಕ್ಕೆಯಲ್ಲಿ ಹಿಮದ ಬೆಟ್ಟದ ಗುರುತು ಒತ್ತಿದ್ದ, ಈ ಕಾರಿನ ಅಳತೆಗೂ ಭಾರಕ್ಕೂ ಸರಿಹೋಗುವ ಆಲ್ ಸೀಸನ್ ಟೈರುಗಳನ್ನು ಆಕೆಯೇ ಆರಿಸಿದಳು. ನಾಲ್ಕನ್ನೂ ಒಂದೇ ಬಗೆಯದು ಹಾಕಬೇಕೆಂದು ಎರಡೆರಡು ಸಲ ಹೇಳಿದಳು. ಅದು ಅಪ್ಪ ಹೇಳಿಕೊಟ್ಟದ್ದಂತೆ.

ವಾಪಸು ಬರುವಾಗ ಆಕೆಯ ಬಾಯಿ ಬಿಚ್ಚಿಕೊಂಡಿತ್ತು. ಸ್ಟೀರಿಂಗು ಅನ್ನದ ಮುದ್ದೆ ತಿರುಗಿಸಿದ ಹಾಗಿದೆ, ಅಪ್ಪನಾಗಿದ್ದರೆ ವಾರಗಟ್ಟಲೆ ಗೊಣಗುತ್ತಿದ್ದ ಅಂದಳು. ಚಿಕ್ಕವಳಿದ್ದಾಗ ಅಪ್ಪ ಅಮ್ಮ ಇಬ್ಬರೇ ಈ ಕಾರಿನಲ್ಲಿ ಹೊರಟುಬಿಡುತ್ತಿದ್ದರಂತೆ. ಮೂರನೆಯವರಿಗೆ ಜಾಗವಿಲ್ಲವಲ್ಲ, ಈಕೆ ಕಿಟಕಿಯಲ್ಲಿ ನಿಂತು ಅತ್ತದ್ದೂ ಉಂಟಂತೆ. ಇಂಚಪ್ಪ ಕೇಳುತ್ತ ಕೂತ. ಆ ಸೀಟಿನಲ್ಲಿ ಮೊದಲ ಸಲ ಕಾಲು ಚಾಚಿಕೊಂಡು ಕೂತಿದ್ದೇನೆಂದು ಅವನಿಗೆ ಆಮೇಲೆ ಹೊಳೆಯಿತು.

ಮನೆಯ ತಿರುವಿನಲ್ಲಿ ಆಕೆ ಕಾರು ನಿಧಾನ ಮಾಡಿ ಕೇಳಿದಳು: “ಮಗು ನಿಮ್ಮನ್ನ ಏನಂತ ಕರೀಲಿ?”

ಅದರ ಬಾಯಿಗೆ ಏನು ಬರುತ್ತೋ ಹಾಗೆ ಕರೀಲಿ ಅಂದ ಇಂಚಪ್ಪ.

“ತಾತ ಅಂತ ಕಲಿಸ್ತೀನಿ,” ಅಂದಳು ಆಕೆ. “ನನಗೆ ಮಾತ್ರ ಸ್ವಲ್ಪ ಟೈಮ್ ಬೇಕು ಚಿಕ್ಕಪ್ಪ.” ಕರೆದದ್ದು ಆಕೆಗೇ ಗೊತ್ತಾಗಲಿಲ್ಲವೋ, ಗೊತ್ತಾಗಿಯೇ ಕರೆದಳೋ, ಇಂಚಪ್ಪ ಕೇಳಲು ಹೋಗಲಿಲ್ಲ.

ಮಾತು ಮುರಿದದ್ದಕ್ಕೆ ಹೆಂಡತಿ ಒಂದಿಷ್ಟು ಹೊತ್ತು ಮುಖ ಊದಿಸಿಕೊಂಡಿದ್ದಳು. ಊಟದ ಹೊತ್ತಿಗೆ ತಾಯಿ ಮಗಳು ಸೇರಿ, ದಪ್ಪಗೆ ಹಿಮ ಬಿದ್ದ ದಿನ ಹೊರಡಕೂಡದು, ಉಳಿದ ದಿನ ಬೇಡ ಅನ್ನಕೂಡದು ಎಂದು ಒಪ್ಪಂದಕ್ಕೆ ಬಂದಿದ್ದರು.

ಅಷ್ಟೆಲ್ಲ ಮಾಡಿದರೂ ಮಗು ಹುಟ್ಟಿದ ದಿನ ಹಿಮದ ಸುಳಿವೇ ಇರಲಿಲ್ಲ. ಬಿಳಿ ಬಿಸಿಲು, ಒಣ ರಸ್ತೆ. ಕೈ ವಾಸಿಯಾಗಿದ್ದ ಹೆಂಡತಿ ಕಾರು ಓಡಿಸಿದಳು. ಈ ಟೈರುಗಳು ಗುಂಯ್‌ಗುಡುತ್ತವೆ, ಹಳೆಯವಾಗಿದ್ದರೆ ಈ ತಿರುವು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತಿತ್ತು ಎಂದು ದಾರಿಯುದ್ದಕ್ಕೂ ಗೊಣಗಿದಳು. ಇಂಚಪ್ಪ ಪುಟ್ಟ ಅಂಗಿಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೂಂಗುಟ್ಟುತ್ತಿದ್ದ. ಮಗುವಿನ ಅಳತೆ ಗೊತ್ತಿಲ್ಲದೆ ಹೊಲಿದ ಬಟ್ಟೆ ಅವು. ಎಲ್ಲದಕ್ಕೂ ಒಳಗೆ ಮಡಿಕೆ ಬಿಟ್ಟಿದ್ದ. ಗುಡ್ಡದ ನೆತ್ತಿ ದಾಟಿ ಆಚೆಯ ಊರಿನ ಮನೆಗಳು ಕಂಡಾಗ ಹೆಂಡತಿಯ ಗೊಣಗಾಟ ನಿಂತಿತು.