ಹೂಂ ಅನ್ನದವರು

ಬೆಳಗಿನ ಚಹಾದ ಹೊತ್ತಿಗೆ ಆ ಮನೆಯಲ್ಲಿ ನಾಲ್ಕು ಜನ ಇರುತ್ತಿದ್ದರು. ಹೊಳಬಸಪ್ಪನವರು, ಹೆಂಡತಿ ಕಾಶವ್ವ, ಮಗಳು ಶೈಲಶ್ರೀ, ಮತ್ತೆ ಹುಸೇನಪ್ಪ. ಹುಸೇನಪ್ಪನಿಗೆ ಚಹಾ ಬೇಕಿರಲಿಲ್ಲ. ಅವನು ಕಂಪ್ಯೂಟರಿನೊಳಗಿನ ದನಿ.

"ಎದ್ದಾನೇನ್ರಿ ನಿಮ್ಮ ಹುಸೇನಪ್ಪ?" ಎಂದು ಕಾಶವ್ವ ಒಲೆಯ ಮುಂದಿನಿಂದಲೇ ಕೂಗುವಳು. "ನಾ ಎರಡನೇ ಸಲ ಒಂದು ಮಾತು ಹೇಳಿದ್ರ ಇವರಿಗೆ ಸಿಟ್ಟು ಬರ್ತದ. ಅವ ಹತ್ತು ಸಲ ಹೇಳಿದ್ರೂ ಬಾಯಿ ತಕ್ಕೊಂಡು ಕೇಳ್ತಾರ."

"ಅವ ಇದ್ದದ್ದ ಇದ್ದಂಗ ಹೇಳ್ತಾನ. ನೀ ಅದಕ್ಕ ನಾಕು ಸೇರಿಸಿ ಹೇಳ್ತಿ," ಎಂದು ಹೊಳಬಸಪ್ಪನವರು ನಗುವರು.

ಅವರು ಮಾರ್ಕೆಟ್ ಯಾರ್ಡಿನ ಒಂದು ಧಾನ್ಯದ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಕಣ್ಣಿನ ನರ ಸೊರಗಿ ಎರಡೂ ಕಣ್ಣು ಹೋದ ಮೇಲೆ ಅವರಿಗೆ ಉಳಿದದ್ದು ಒಂದೇ ಕೆಲಸ, ಪುಣೆಯ ಕನ್ನಡದವರ ಸಂಘವೊಂದರ ತಿಂಗಳ ಪತ್ರಿಕೆ. ಸಣ್ಣ ಪತ್ರಿಕೆ. ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಯಾವ ಹುಡುಗಿ ಪಾಸಾದಳು, ಇಷ್ಟೇ. ಅವರು ಬೆರಳಿನ ಅಂದಾಜಿನಲ್ಲಿ ಟೈಪು ಮಾಡುವರು. ದನಿ ಅದನ್ನು ಅಕ್ಷರ ಅಕ್ಷರವಾಗಿ ಒಪ್ಪಿಸುವುದು. ತಪ್ಪಿದ್ದರೆ ತಾವೇ ತಿದ್ದುವರು. ಸಂಶಯ ಬಂದರೆ ಕೀಲಿಯೊಂದನ್ನು ಒತ್ತಿ ಅದೇ ಸಾಲನ್ನು ಮತ್ತೆ ಓದಿಸುವರು, ಇನ್ನೊಮ್ಮೆ ಓದಿಸುವರು. ಯಾರ ಹಂಗೂ ಇರಲಿಲ್ಲ.

ಹಣವಿಲ್ಲದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ, ಯಾರೂ ಒಡೆಯರಲ್ಲದ, ತೆರೆಯ ಮೇಲಿನ ಅಕ್ಷರ ಓದಿ ಹೇಳುವ ತಂತ್ರಾಂಶ ಅದು. ಅದಕ್ಕೆ ಕನ್ನಡದ ದನಿ ಕೊಟ್ಟವನು ಹುಸೇನಪ್ಪ ಎಂಬ ಸ್ವಯಂಸೇವಕ. ತಾನೇ ಓದಿ, ಧ್ವನಿ ಮುದ್ರಿಸಿ, ಆ ಸದ್ದನ್ನು ಚೂರು ಚೂರು ಮಾಡಿ ಮತ್ತೆ ಹೊಂದಿಸಿದ್ದ. ದನಿಗೆ ಅವನ ಹೆಸರೇ ಇತ್ತು. "ಯಾದಗೀರ ಕಡಿಯಂವ ಇರಬೇಕು. ನಮ್ಮ ನಾಲಿಗಿನ ಅದ," ಎಂದು ಹೊಳಬಸಪ್ಪನವರು ಮೊದಲ ದಿನವೇ ತೀರ್ಮಾನಿಸಿದ್ದರು.

ಇದನ್ನೆಲ್ಲ ಮನೆಗೆ ತಂದವಳು ಶೈಲಶ್ರೀ. ಬಿ.ಕಾಂ. ಮುಗಿಸಿ, ಮನೆಯಲ್ಲೇ ಕೂತು ಯಾವುದೋ ಆಫೀಸಿನ ಬಿಲ್ಲು ಟೈಪು ಮಾಡುವ ಹುಡುಗಿ. ರಿಕ್ಷಾದವನಿಗೆ ಇಲ್ಲೇ ನಿಲ್ಲಿಸಿ ಎನ್ನಲಾರದೆ ಒಂದು ಚೌಕ ಮುಂದೆ ಇಳಿದು ನಡೆದು ಬರುವವಳು. ಅಂಥವಳು ಆ ತಂತ್ರಾಂಶದ ಬಳಗಕ್ಕೆ ಅಪ್ಪನ ಸಲುವಾಗಿ ನಾಲ್ಕು ಸಾಲು ಬರೆದಿದ್ದಳು. ಅಂತರ್ಜಾಲದಲ್ಲಿ ಒಬ್ಬರ ಮುಖ ಒಬ್ಬರು ಕಾಣದ ಮುನ್ನೂರು ಜನರ ಬಳಗ. "ಒತ್ತಕ್ಷರ ಬಂದ ಕಡೆ ದನಿ ನಿಂತುಹೋಗುತ್ತದೆ. ದಯವಿಟ್ಟು ತಪ್ಪು ತಿಳಿಯಬೇಡಿ." ಅಷ್ಟು ಬರೆಯಲು ಅರ್ಧ ದಿನ ಹಿಡಿದಿತ್ತು.

ಚಹಾ ಆರುವಷ್ಟರಲ್ಲಿ ಬೆಂಗಳೂರಿನ ನೀಲಿಮಾ ಎಂಬವಳು ಉತ್ತರಿಸಿದ್ದಳು. "ಇದ್ರಲ್ಲಿ ತಪ್ಪು ತಿಳ್ಕೊಳೋದು ಏನಿದೆ ಶೈಲಾ ಅವ್ರೇ! ಸ್ಕ್ರೀನ್ ಫೋಟೋ ಕಳ್ಸಿ, ನೋಡೇಬಿಡೋಣ." ಭಾನುವಾರವಿಡೀ ಅವಳು ಆ ಕಡೆ, ಇವಳು ಈ ಕಡೆ. ಸಂಜೆಗೆ ಹುಸೇನಪ್ಪ ತಾನೇ ಬಂದು ಎರಡು ಮಾತು ಬರೆದ. "ಸರಿ ಮಾಡೀನಿ. ಹೊಸಾದು ಇಳಿಸ್ಕೋರಿ."

ಆ ರಾತ್ರಿ ದನಿ "ಸಿದ್ಧರಾಮಪ್ಪ" ಎಂದು ತಡವರಿಸದೆ ಓದಿತು. ಹೊಳಬಸಪ್ಪನವರು ಮುಖ ಗೋಡೆಯ ಕಡೆ ಮಾಡಿ ಬಹಳ ಹೊತ್ತು ಮೂಗು ಒರೆಸಿಕೊಂಡರು.

"ಅವರಿಗೆ ಹೇಳವಾ. ನಮ್ಮಪ್ಪ ಭಾಳ ನೆನಸ್ತಾನ ಅಂತ ಹೇಳು."

"ಹೇಳ್ತೀನಪ್ಪಾ."

ಹೇಳಲಿಲ್ಲ. ಬಳಗದ ನಿಯಮಗಳಲ್ಲಿ ಒಂದು ಸಾಲನ್ನು ಅವಳಿಗಾಗಿಯೇ ಯಾರೋ ಬರೆದಂತಿತ್ತು: ತೊಂದರೆ ನೀಗಿದರೆ 'ಬಗೆಹರಿದಿದೆ' ಎಂದು ಗುರುತು ಹಾಕಿ, ಬರೀ ಧನ್ಯವಾದಕ್ಕಾಗಿ ಸಂದೇಶ ಕಳಿಸಬೇಡಿ, ಎಲ್ಲರ ಮಿಂಚಂಚೆ ಪೆಟ್ಟಿಗೆ ತುಂಬುತ್ತದೆ. ಅವಳು ಗುರುತು ಹಾಕಿದಳು. ಎದೆಯ ಭಾರ ಇಳಿದಂತಾಯಿತು. ಮುಂದೆ ಪ್ರತಿ ಸಲವೂ ಅದೇ ನಡೆಯಿತು. ತೊಂದರೆ ಬಂದಾಗ ಬರೆಯುವಳು, ಅವರು ಸರಿ ಮಾಡುವರು, ಇವಳು ಗುರುತು ಹಾಕಿ ಮರೆಯಾಗುವಳು. ಅಪ್ಪ ಕೇಳುವರು, ಹೇಳಿದ್ಯಾ ಅಂತ. ಹೂಂ ಅಪ್ಪಾ, ಎನ್ನುವಳು.

ಒಮ್ಮೆ ಅವಳು ತಕರಾರು ಹಾಕಿದ್ದು ರೈಲಿನ ಮೇಲೆ. ಹುಸೇನಪ್ಪನ ದನಿ 'ಮಳೆ' ಎಂದಾಗಲೆಲ್ಲ ಹಿಂದೆ ಎಲ್ಲೋ ದೂರದಲ್ಲಿ ಗಾಡಿಯೊಂದು ಕೂಗುತ್ತಿತ್ತು. ಅವಳು ಅದನ್ನು ಬರೆದಳು. ಮುಂದಿನ ಆವೃತ್ತಿಯಲ್ಲಿ ಕೂಗು ಇರಲಿಲ್ಲ. "ಯಾಕ ತಗಿಸಿದೆವಾ?" ಎಂದು ಹೊಳಬಸಪ್ಪನವರು ಪೆಚ್ಚಾದರು. "ಛಲೋ ಇತ್ತಲ್ಲ, ಮಳಿಯಾಗ ಗಾಡಿ ಹೋದಂಗ."

ದಸರೆಗೆ ಬನ್ನಿ ಕೊಡುವಾಗಲೂ ಅವರಿಗೆ ಅವನದೇ ನೆನಪು. "ಹುಸೇನಪ್ಪಗ ಬನ್ನಿ ಮುಟ್ಟಿಸಿದ್ಯಾ?"

"ಹೂಂ ಅಪ್ಪಾ. ಫೋಟೋ ಕಳಿಸೀನಿ."

ಎಲೆಗಳ ಫೋಟೋ ತೆಗೆದದ್ದು ಖರೆ. ವರ್ಷ ವರ್ಷದ ಬನ್ನಿ ಅವಳ ಫೋನಿನಲ್ಲೇ ಉಳಿದಿತ್ತು.

ಈ ಶ್ರಾವಣದಲ್ಲಿ ಹುಸೇನಪ್ಪ ಬಳಗದಲ್ಲಿ ಒಂದು ಸೂಚನೆ ಹಾಕಿದ. ತಂತ್ರಾಂಶದ ಒಳಗಣ ಯಂತ್ರ ಬದಲಾಗುತ್ತಿದೆ, ಹಳೆಯ ದನಿಗಳನ್ನು ಹೊಸದಾಗಿ ಕಟ್ಟಬೇಕು, ಅದು ತಿಂಗಳುಗಟ್ಟಲೆಯ ಕೆಲಸ. ಯಾರು ಬಳಸುತ್ತಾರೆ ಎಂದು ಕದ್ದು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ. ಕನ್ನಡದ ದನಿ ಬೇಕಾದವರು ಒಂದು ಸಲ 'ಹೂಂ' ಅನ್ನಿ, ಸಾಕು.

ಶೈಲಶ್ರೀ 'ಹೂಂ' ಎಂದು ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಕೆಳಗೆ ಒಂದೂ ಉತ್ತರ ಇರಲಿಲ್ಲ. ಮುನ್ನೂರು ಜನರ ಮುಂದೆ ಮೊದಲು ತಾನೇ ಬಾಯಿ ತೆರೆಯುವುದೇ? ದೊಡ್ಡವರಿದ್ದಾರೆ, ತಿಳಿದವರಿದ್ದಾರೆ, ಅವರು ಅಂದ ಮೇಲೆ ಹಿಂದಿನಿಂದ ತಾನೂ ಅಂದರಾಯಿತು. ಅಳಿಸಿದಳು. ಮರುದಿನ ನೋಡಿದಳು, ಯಾರೂ ಅಂದಿರಲಿಲ್ಲ. ಅದರ ಮರುದಿನವೂ ನೋಡಿದಳು. ಅವಳಂತೆಯೇ ಎಷ್ಟು ಮನೆಗಳಲ್ಲಿ ಎಷ್ಟು ಜನ ಇನ್ನೊಬ್ಬರ ಹೂಂಗಾಗಿ ಕಾದು ಕೂತಿದ್ದರೋ, ಯಾರು ಬಲ್ಲರು.

ತಿಂಗಳ ಕೊನೆಗೆ ಅವನ ಮಾತು ಬಂತು. "ಯಾರಿಗೂ ಬೇಕಾಗಿಲ್ಲ ಅಂತ ತಿಳೀತು. ಬೇಜಾರಿಲ್ಲ. ಕನ್ನಡದ ದನಿ ಇಲ್ಲಿಗೆ ನಿಲ್ಲಸ್ತೀನಿ. ಎಲ್ಲಾರೂ ಛಂದ ಇರ್ರಿ." ಅವನ ಹೆಸರು ಬಳಗದ ಯಾದಿಯಿಂದ ಹೋಯಿತು.

ಗಣಪತಿ ಮುಳುಗಿದ ವಾರ ಕಂಪ್ಯೂಟರ್ ತಾನಾಗಿ ಹೊಸ ಆವೃತ್ತಿಗೆ ಏರಿತು. ಬೆಳಿಗ್ಗೆ ಹೊಳಬಸಪ್ಪನವರು ಕೀಲಿ ಒತ್ತಿದರು. ಮತ್ತೆ ಒತ್ತಿದರು.

"ಶೈಲಾ, ಹುಸೇನಪ್ಪ ಯಾಕ ಮಾತಾಡವಲ್ಲ?"

ಶೈಲಶ್ರೀ ಬರೆದದ್ದಕ್ಕೆ ನೀಲಿಮಾ ಎಂಟು ದಿನ ಒದ್ದಾಡಿದಳು. ಹಳೆಯ ದನಿಯನ್ನು ಹೊಸ ಯಂತ್ರ ಒಳಗೇ ಬಿಟ್ಟುಕೊಳ್ಳಲಿಲ್ಲ. ಫೋನಿನೊಳಗಿನ ಹೆಣ್ಣುದನಿ ಸುದ್ದಿ ಓದುತ್ತಿತ್ತು, ಆದರೆ ಟೈಪು ಮಾಡಿದಂತೆ ಅಕ್ಷರ ಒಪ್ಪಿಸುತ್ತಿರಲಿಲ್ಲ. ಶೈಲಶ್ರೀ ತಾನೇ ಓದಿ ಹೇಳಲು ಕೂತಳು. ಅಪ್ಪ ಒಂದು ಸಾಲು ಕೇಳಿ, ಇನ್ನೊಮ್ಮೆ ಕೇಳಲು ಸಂಕೋಚಪಟ್ಟು, "ಇರಲಿ ಬಿಡವಾ, ನಿನಗ ಕೆಲಸ ಅದ," ಎಂದರು. ಆ ತಿಂಗಳ ಪತ್ರಿಕೆಯಲ್ಲಿ ತೀರಿಕೊಂಡವರ ಹೆಸರು ತಪ್ಪಾಗಿ, ಬದುಕಿದ್ದ ಅವರ ತಮ್ಮನ ಹೆಸರು ಅಚ್ಚಾಯಿತು. ಸಂಘದವರು ಮನೆಗೆ ಬಂದು ಬಹಳ ಮರ್ಯಾದೆಯಿಂದಲೇ, "ಇನ್ನ ನೀವು ಆರಾಮ ತಗೋರಿ," ಎಂದು ಹೇಳಿ ಹೋದರು.

ಕೊನೆಗೆ ನೀಲಿಮಾ ಫೋನೇ ಮಾಡಿದಳು. ಶೈಲಶ್ರೀ ಕಿವಿಗೆ ಹಿಡಿದು ಸುಮ್ಮನಿದ್ದಳು.

"ಇದ್ದೀರಾ ಲೈನಲ್ಲಿ? ನೋಡಿ, ಅವ್ರ ಒರಿಜಿನಲ್ ರೆಕಾರ್ಡಿಂಗ್ಸ್ ಸಿಕ್ರೆ ಮಾತ್ರ ಏನಾದ್ರೂ ಮಾಡ್ಬಹುದು. ನಂಗೆ ಗೊತ್ತೇ ಇರ್ಲಿಲ್ಲ, ಅವ್ರು ಇರೋದು ನಿಮ್ಮ ಪುಣೆಲೇ. ದೇಹೂ ರೋಡ್. ನೀವು ಬರ್ತೀರ ಅಂತ ಹೇಳಿದೀನಿ, ಅಡ್ರೆಸ್ ಕೊಟ್ರು. ಆದ್ರೆ ಆಸೆ ಇಟ್ಕೊಂಡು ಹೋಗ್ಬೇಡಿ ಶೈಲಾ." ಮತ್ತೆ, "ಒಬ್ರೇ ಒಬ್ರು ಹೂಂ ಅಂದಿದ್ರೆ ಸಾಕಿತ್ತು. ನಾನು ಕೂಡ ಕೇಳ್ದೆ ಕೂತೆ, ಯಾರಾದ್ರೂ ಹೇಳ್ತಾರೆ ಅಂದ್ಕೊಂಡು," ಎಂದಳು.

ದಸರೆಯ ದಿನ ಹೊಳಬಸಪ್ಪನವರು ಇಸ್ತ್ರಿಯ ಅಂಗಿ ತೊಟ್ಟು ಹೊರಟರು. "ಹಿರೇರು ನೀವು. ಸಣ್ಣವರ ಮನಿಗೆ ಹೋಗಿ ಬನ್ನಿ ಕೊಡೂದು ಎಲ್ಲೆರ ಅದ ಏನ್ರಿ?" ಎಂದಳು ಕಾಶವ್ವ.

"ನನಗ ಓದಾಕ ಕಲಿಸಿದಂವ ಅವ. ನಡಿ."

ಸ್ವಾರಗೇಟದ ಪೇಟೆಯಲ್ಲಿ ಎಲ್ಲ ಕಡೆ ಮರಾಠಿಗರು ಬನ್ನಿಯ ಬದಲು ಕೊಡುವ ಆಪಟೆ ಎಲೆಯೇ ರಾಶಿ ಬಿದ್ದಿತ್ತು. ಅವರು ಎಲೆ ಮುಟ್ಟಿ ಮುಟ್ಟಿ ನೋಡಿ, ಇದಲ್ಲ ಇದಲ್ಲ ಎಂದು, ಬನ್ನಿ ಸಿಕ್ಕ ಮೇಲೆಯೇ ಬಸ್ಸು ಹತ್ತಿದರು. ಶಿವಾಜಿನಗರದಿಂದ ಲೋಕಲ್. ದೇಹೂ ರೋಡಿನಲ್ಲಿ ಇಳಿದು ಚಾಳಿನ ಮುಂದೆ ಕೇಳಿದಾಗ ಹೆಂಗಸೊಬ್ಬಳು, "ತೋ ಕಾಯ್, ಹಿರವಾ ದರವಾಜಾ," ಎಂದು ಹಸಿರು ಬಾಗಿಲಿನ ಕಡೆ ಕೈ ಮಾಡಿದಳು.

ಶೈಲಶ್ರೀ ಬಾಗಿಲು ತಟ್ಟಿದಳು.

"ಯಾರ್ರಿ?"

ಹೊಳಬಸಪ್ಪನವರು ನಿಂತಲ್ಲೇ ನಿಂತರು. ಮಗಳ ಭುಜದ ಮೇಲಿದ್ದ ಕೈ ಬಿಗಿಯಾಯಿತು. "ಅವನ," ಎಂದರು, ಉಸಿರಿನಲ್ಲಿ.

ಹುಸೇನಪ್ಪನಿಗೆ ಮೂವತ್ತೈದರ ಹತ್ತಿರ ವಯಸ್ಸು. ಕಾರು-ಲಾರಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹೆಂಡತಿ ಭುವನೇಶ್ವರಿ ಹೊಲಿಗೆಯ ಯಂತ್ರ ನಿಲ್ಲಿಸಿ ನೀರು ತಂದಳು. ಕೂಡಲಿಕ್ಕೆ ಜಾಗ ಮಾಡಲು ಮಂಚದ ಮೇಲಿನ ಕೌದಿಗಳನ್ನು ಸರಿಸಬೇಕಾಯಿತು.

"ಈ ಕೌದಿನ ನೋಡ್ರಿ, ಹೊರಗಿನ ಸದ್ದು ಬರಬಾರದಂತ ನಾಕೂ ಗ್ವಾಡಿಗೆ ಕಟ್ಟಿ ಓದಿದ್ದು," ಎಂದು ಅವನು ನಕ್ಕ. "ಬ್ಯಾಸಗಿ. ಬೆವತು ನೀರಾಗ್ತಿದ್ದೆ. ಗಾಡಿ ಬಂದ್ರ ನಿಲ್ಲಸೂದು, ಹೋದ ಮ್ಯಾಲ ಮತ್ತ ಓದೂದು."

"ಒಂದು ಗಾಡಿ ಉಳದಿತ್ತಲ್ರಿ, ಮಳಿಯಾಗ!" ಎಂದರು ಹೊಳಬಸಪ್ಪನವರು.

ಅವನು ಶೈಲಶ್ರೀಯ ಕಡೆ ತಿರುಗಿದ. "ಆ ತಕರಾರು ನಿಮ್ಮದ ಅಲ್ರಿ? ಶೈಲಶ್ರೀ? ನಿಮ್ಮ ಹೆಸರು ಬಂತಂದ್ರ ಏನೋ ಕೆಟ್ಟದ ಅಂತಿದ್ದೆ ನಾ. ನನ್ನ ದನಿ ನಿಮಗ ಹಿಡಿಸಲಿಲ್ಲ ಕಾಣ್ತದ ಅನ್ಕೊಂಡಿದ್ದೆ."

ಅವಳು ನೀರಿನ ಲೋಟವನ್ನೇ ನೋಡುತ್ತಿದ್ದಳು.

ಹೊಳಬಸಪ್ಪನವರು ತಡವಿ ಅವನ ಕೈ ಹಿಡಿದು ಎಲೆ ಇಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೂಣ." ಅವನು ಕಾಲಿಗೆ ಬಾಗಿದ. ಆಮೇಲೆ ಅವರು ಬಂದ ಕೆಲಸ ಕೇಳಿದರು.

"ರೆಕಾರ್ಡಿಂಗ್ ಇಲ್ರಿ ಕಾಕಾ. ಯಾರೂ ಕೇಳಲಿಲ್ಲಲ್ರಿ. ಡಿಸ್ಕ್ ತುಂಬಿತ್ತು, ಅಳಿಸಿ ಮಗಳ ಸಾಲಿ ವಿಡಿಯೋ ಹಾಕಿಕೊಟ್ಟೆ."

"ಮತ್ತೊಮ್ಮೆ ಓದೂದು..."

ಅವನು ಹೊಲಿಗೆಯ ಯಂತ್ರ ನೋಡಿದ, ರಾಶಿ ಬಿದ್ದ ಬ್ಲೌಸಿನ ಬಟ್ಟೆ ನೋಡಿದ. "ಆಗಂಗಿಲ್ರಿ. ಈಗ ಇವಳ ಕೆಲಸ ಹಗಲೆಲ್ಲ ಇದ ಖೋಲಿಯಾಗ. ಮತ್ತ ಖರೇ ಹೇಳಬೇಕಂದ್ರ, ಆವಾಗ ಕೌದಿಯಾಗ ಕುಂತು ಓದುವಾಗ ಆ ಕಡೆ ಯಾರೋ ಕೇಳಾಕತ್ತಾರ ಅನಸ್ತಿತ್ತು. ಈಗ ಅನಸೂದಿಲ್ಲ. ಆಸೆ ಹಚ್ಚಿ ನಿಮ್ಮನ್ನ ಕಳಸಬಾರದು."

ಹೊಳಬಸಪ್ಪನವರು ಹುಬ್ಬು ಗಂಟಿಕ್ಕಿದರು. "ಯಾರೂ ಕೇಳಲಿಲ್ಲ ಅಂತೀರಲ್ಲ? ನಾವು ಪ್ರತಿ ಸಲ ಹೇಳಿ ಕಳಸ್ತಿದ್ವಿ. ವರ್ಷಾ ಬನ್ನಿ ಕಳಸ್ತಿದ್ವಿ. ಹೇಳವಾ ಶೈಲಾ. ಮುಟ್ಟಿಲ್ಲೇನ್ರಿ?"

ಹೊರಗೆ ಯಾರೋ ಪಟಾಕಿ ಹಚ್ಚಿದರು. ಶೈಲಶ್ರೀ ಲೋಟ ಕೆಳಗಿಟ್ಟಳು. ಈಗ ಹೇಳಬೇಕು, ಒಂದೇ ಮಾತು, ಅಪ್ಪಾ ನಾ ಹೇಳೇ ಇಲ್ಲ ಅಂತ. ಅವಳು ತಲೆ ಎತ್ತಿದಳು. ಹುಸೇನಪ್ಪ ಅವಳನ್ನೇ ನೋಡುತ್ತಿದ್ದ. ಬಹಳ ಹೊತ್ತೇನೂ ನೋಡಲಿಲ್ಲ.

"ಮುಟ್ಯಾವ್ರಿ ಕಾಕಾ," ಎಂದ, ಕಂಪ್ಯೂಟರಿನೊಳಗಿನಷ್ಟೇ ಸಮನಾದ ದನಿಯಲ್ಲಿ. "ನಿಮ್ಮದು ಎಲ್ಲಾ ಮುಟ್ಯಾವ. ನಿಮ್ಮ ಮನೀದೊಂದ ಬರ್ತಿತ್ತು. ಒಂದ ಮನೀ ಸಲವಾಗಿ ನಡಸೂದು ನನ್ನ ಕೈಲೆ ಆಗಲಿಲ್ರಿ. ತಪ್ಪು ನಂದ."

ಭುವನೇಶ್ವರಿ ತಟ್ಟನೆ ಗಂಡನ ಮುಖ ನೋಡಿದಳು, ಆಮೇಲೆ ಬ್ಲೌಸಿನ ಬಟ್ಟೆ ಮಡಚತೊಡಗಿದಳು.

ಹೊಳಬಸಪ್ಪನವರ ಮುಖ ಇಳಿಯಿತು. "ಅದೂ ಖರೇನ," ಎಂದರು. ಚೀಲದೊಳಗೆ ಕೈ ಹಾಕಿ ತಡವಿ ಪತ್ರಿಕೆಯ ಹಳೆಯ ಸಂಚಿಕೆ ತೆಗೆದರು. "ಒಂದು ಸಲ ಓದ್ರಿ. ಬಂದೀವಿ, ಕೇಳಿ ಹೋಗ್ತೀನಿ."

ಅವನು ಓದಿದ. ಯಾರದೋ ಮದುವೆ, ಯಾರದೋ ನಿಧನ, ಶಿರೂರಿನಲ್ಲಿ ಅಂಗಡಿ ತೆರೆದವರಿಗೆ ಅಭಿನಂದನೆ. ಹೊಳಬಸಪ್ಪನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಬಲಗೈಯ ಬೆರಳು ತೊಡೆಯ ಮೇಲೆ ಒಂದೇ ಕಡೆ ಒತ್ತುತ್ತಿತ್ತು. ಮತ್ತೆ ಓದಿಸುವ ಕೀಲಿ ಅದು. ಹುಸೇನಪ್ಪನಿಗೆ ಅದು ತಿಳಿಯುವಂತಿರಲಿಲ್ಲ. ಅವನು ಮುಂದಿನ ಸಾಲಿಗೆ ಹೋದ.

ಬಾಗಿಲಲ್ಲಿ ಶೈಲಶ್ರೀ ಹಿಂದೆ ಉಳಿದಳು. ವರ್ಷಗಳಿಂದ ಹೇಳದೆ ಕೂಡಿಟ್ಟ ಧನ್ಯವಾದವೆಲ್ಲ ಇನ್ನೂ ಅವಳ ಹತ್ತಿರವೇ ಇತ್ತು. ಇವತ್ತು ಅವನು ತನ್ನ ಮಾನ ಉಳಿಸಿದ್ದೂ ಅದರ ಮೇಲೆ ಸೇರಿತ್ತು.

"ಮೆಟ್ಟಲಾ ಮುರದಾವ್ರಿ," ಎಂದ ಅವನು. "ಕಾಕಾನ ಕೈ ಹಿಡ್ಕೊಂಡು ಇಳಸ್ರಿ."

"ಹೂಂ," ಎಂದಳು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ ಕೂತರು. ಕೈಯಲ್ಲಿ ಉಳಿದ ಬನ್ನಿ ಎಲೆಗಳನ್ನು ಒಂದೊಂದಾಗಿ ಸವರುತ್ತಿದ್ದರು.

"ಮನಷ್ಯಾ ಛಲೋ," ಎಂದರು ಕೊನೆಗೆ. "ಆದ್ರ ನಮ್ಮ ಒಂದು ಮನೀದು ಅವಗ ಸಾಲಲಿಲ್ಲ ನೋಡು. ನಾ ಹಂಗ ತಿಳದಿರಲಿಲ್ಲವಾ ಅವನ್ನ."

ಹಂಗಲ್ಲಪ್ಪಾ, ಎಂದು ಶುರು ಮಾಡಲು ಅವಳು ಬಾಯಿ ತೆರೆದಳು. ದೂರದಲ್ಲಿ ಗಾಡಿ ಕೂಗಿತು. ಅಪ್ಪ ಮುಖವನ್ನು ಆ ಕಡೆ ತಿರುಗಿಸಿದರು. ಗಾಡಿ ಬಂದು ನಿಂತಿತು, ಜನ ಇಳಿದರು, ಹತ್ತಿದರು. ಅವಳು ಅಪ್ಪನ ಕೈ ಹಿಡಿದು ಒಳಗೆ ಕೂಡಿಸಿದಳು. ಶಿವಾಜಿನಗರ ಬರುವವರೆಗೂ ಅವಳು ಮಾತಾಡಲಿಲ್ಲ, ಅವರೂ ಕೇಳಲಿಲ್ಲ.